ಬಲಕ್ಕೆ ಓಡುವ ಆಟಗಳು ಮರಳಿ ಬಂದ ಕಥೆ

2025ರ ಜುಲೈ 31ರಂದು ‘ನಿಂಜಾ ಗೈಡನ್: ರೇಜ್‌ಬೌಂಡ್’ ಎಂಬ ವಿಡಿಯೋ ಗೇಮ್ ಬಿಡುಗಡೆಯಾಯಿತು. ತಿಂಗಳು ತುಂಬುವ ಮೊದಲೇ, ಆಗಸ್ಟ್ 29ಕ್ಕೆ, ‘ಶಿನೋಬಿ: ಆರ್ಟ್ ಆಫ್ ವೆಂಜನ್ಸ್’ ಬಂತು. ಮೊದಲನೆಯದನ್ನು ಮಾಡಿದವರು ಸ್ಪೇನ್ ದೇಶದ ಸೆವಿಲ್ ಊರಿನ ‘ದ ಗೇಮ್ ಕಿಚನ್’ ತಂಡದವರು. ಎರಡನೆಯದು ಪ್ಯಾರಿಸ್ಸಿನ ‘ಲಿಜರ್ಡ್‌ಕ್ಯೂಬ್’ ತಂಡದ್ದು. ಎರಡರ ಮೂಲವೂ 1980ರ ದಶಕದ ಜಪಾನ್. ಸೆಗಾ ಕಂಪನಿಯ ‘ಶಿನೋಬಿ’ 1987ರದು, ಟೆಕ್ಮೊ ಕಂಪನಿಯ ‘ನಿಂಜಾ ಗೈಡನ್’ 1988ರದು. ಎರಡರಲ್ಲೂ ಒಬ್ಬ ನಿಂಜಾ ಪರದೆಯ ಎಡಗಡೆಯಿಂದ ಬಲಗಡೆಗೆ ಓಡುತ್ತಾನೆ, ಎಗರುತ್ತಾನೆ, ಅಡ್ಡ ಬಂದವರನ್ನು ಕಡಿಯುತ್ತಾನೆ. ಅವನು ಓಡಿದಂತೆಲ್ಲ ಊರು, ಕಾಡು, ಕೋಟೆಗಳು ಹಿಂದಕ್ಕೆ ಸರಿಯುತ್ತವೆ. ಸೈಡ್-ಸ್ಕ್ರೋಲಿಂಗ್ ಆಟ ಎಂದರೆ ಇದೇ. ಇದರ ಕಾಲ ಮುಗಿಯಿತು ಎಂದು ದೊಡ್ಡ ಕಂಪನಿಗಳೇ ಕೈಬಿಟ್ಟಿದ್ದ ಈ ಜಾತಿಯ ಆಟ ಕಳೆದ ಹದಿನೈದಿಪ್ಪತ್ತು ವರ್ಷಗಳಲ್ಲಿ ಮತ್ತೆ ಎದ್ದು ನಿಂತಿದೆ.

ಈ ಚರಿತ್ರೆಯನ್ನು ಬರೆದವರೆಲ್ಲ ಟೋಕಿಯೊ, ಕ್ಯಾಲಿಫೋರ್ನಿಯಾ, ಪ್ಯಾರಿಸ್‌ಗಳಲ್ಲಿ ನಿಂತು ಬರೆದಿದ್ದಾರೆ. ಜಮಖಂಡಿ ತಾಲ್ಲೂಕಿನ ಸಾವಳಗಿಯಲ್ಲಿ ನಿಂತು ನೋಡಿದರೆ ಅದೇ ಕಥೆ ಬೇರೆ ಥರ ಕಾಣುತ್ತದೆ. ಸುತ್ತ ಕಬ್ಬಿನ ಹೊಲ, ವ್ಯಾಪಾರಕ್ಕೆ ಜಮಖಂಡಿ, ಅದಕ್ಕೂ ದೊಡ್ಡ ಕೆಲಸಕ್ಕೆ ಸಾಂಗ್ಲಿ, ಮೀರಜ್, ಸೊಲ್ಲಾಪುರ. ಇಂಥ ಊರುಗಳಿಗೂ ಈ ಆಟಗಳು ಬಂದಿದ್ದವು, ಆದರೆ ಮಾಡಿದವರ ಹೆಸರನ್ನು ಹೊತ್ತು ಬರಲಿಲ್ಲ. ನಮ್ಮ ಕಡೆಯ ಒಂದು ತಲೆಮಾರಿನ ಹುಡುಗರು ಜಪಾನಿನ ಅತ್ಯುತ್ತಮ ಕುಶಲಕರ್ಮಿಗಳ ಕೆಲಸವನ್ನು ಬೆರಳ ತುದಿಯಲ್ಲಿ ಕಲಿತರು. ಆ ಕುಶಲಕರ್ಮಿಗಳು ಯಾರೆಂಬುದು ಮಾತ್ರ ಅವರಿಗೆ ಗೊತ್ತೇ ಆಗಲಿಲ್ಲ. ಈಚಿನ ಪುನರುಜ್ಜೀವನದಲ್ಲಿ ನನಗೆ ಎಲ್ಲಕ್ಕಿಂತ ದೊಡ್ಡದಾಗಿ ಕಾಣುವುದು ಆ ಹೆಸರುಗಳು ಮರಳಿ ಬಂದದ್ದು.

ಪರದೆ ಪಕ್ಕಕ್ಕೆ ಸರಿಯುವ ಆಟಗಳು 1980ರ ದಶಕದ ಮೊದಲಲ್ಲೇ ಇದ್ದವು. 1981ರ ‘ಡಿಫೆಂಡರ್’, ‘ಸ್ಕ್ರಾಂಬಲ್’ ಎರಡೂ ವಿಮಾನ ಹಾರಿಸುವ ಆಟಗಳು. ಮನುಷ್ಯನನ್ನು ಹಾಗೆ ಓಡಿಸಿ, ಬಡಿದಾಡಿಸಿ ಒಂದು ಮಾದರಿ ಹಾಕಿಕೊಟ್ಟದ್ದು 1984ರಲ್ಲಿ ಜಪಾನಿನ ಐರೆಮ್ ಕಂಪನಿ ತಂದ ‘ಕುಂಗ್-ಫು ಮಾಸ್ಟರ್’. ಅದನ್ನು ರೂಪಿಸಿದವರು ತಕಾಶಿ ನಿಶಿಯಾಮಾ. ಬ್ರೂಸ್ ಲೀಯ ‘ಗೇಮ್ ಆಫ್ ಡೆತ್’ ಸಿನಿಮಾದಂತೆ ಮಹಡಿಯ ಮೇಲೆ ಮಹಡಿ, ಪ್ರತಿ ಮಹಡಿಯ ಕೊನೆಗೊಬ್ಬ ಜಟ್ಟಿ. ಇದೇ ನಿಶಿಯಾಮಾ ಮುಂದೆ ಕ್ಯಾಪ್ಕಾಮ್ ಸೇರಿ 1987ರಲ್ಲಿ ‘ಸ್ಟ್ರೀಟ್ ಫೈಟರ್’ ಮಾಡಿದರು.

1985ರ ಸೆಪ್ಟೆಂಬರ್ 13ಕ್ಕೆ, ಟಿ.ವಿ.ಗೆ ಜೋಡಿಸಿ ಮನೆಯಲ್ಲೇ ಆಡುವ ನಿಂಟೆಂಡೊ ಯಂತ್ರಕ್ಕೆ, ‘ಸೂಪರ್ ಮಾರಿಯೋ ಬ್ರದರ್ಸ್’ ಬಂತು. ಇಡೀ ಆಟದ ತೂಕ 40 ಕಿಲೋಬೈಟ್. ಇವತ್ತು ವಾಟ್ಸ್‌ಆಪ್‌ನಲ್ಲಿ ಬರುವ ಒಂದು ಫೋಟೋ ಅದಕ್ಕಿಂತ ದೊಡ್ಡದಿರುತ್ತದೆ. ಜಾಗ ಉಳಿಸಲು ಮೋಡಕ್ಕೂ ಪೊದೆಗೂ ಒಂದೇ ಚಿತ್ರ ಬಳಸಿದ್ದಾರೆ. ಬಿಳಿ ಹಚ್ಚಿದರೆ ಮೋಡ, ಹಸಿರು ಹಚ್ಚಿದರೆ ಪೊದೆ. ಮಾರಿಯೋ ಓಡುವ ಪ್ರಪಂಚವೂ ಯಂತ್ರದೊಳಗೆ ಒಟ್ಟಿಗೆ ಇರುವುದಿಲ್ಲ. ಚಿತ್ರದ ಮೆಮೊರಿಯಲ್ಲಿ ಎರಡು ಪರದೆಯಷ್ಟೇ ಜಾಗ. ಅವನು ಮುಂದೆ ಹೋದಂತೆ ಕಾಣದ ಅಂಚಿನಲ್ಲಿ ಒಂದೊಂದೇ ಕಂಬಸಾಲನ್ನು ಯಂತ್ರ ಬರೆಯುತ್ತದೆ, ಹಿಂದಿನದನ್ನು ಅಳಿಸುತ್ತದೆ. ರಬಕವಿ-ಬನಹಟ್ಟಿಯ ಮಗ್ಗದ ಮುಂದೆ ಕೂತವರಿಗೆ ಇದು ತಟ್ಟನೆ ತಿಳಿದೀತು. ಲಾಳಿ ಒಂದೊಂದೇ ಎಳೆ ಹಾಕುತ್ತದೆ, ನೇಯ್ದದ್ದು ಸುತ್ತಿಕೊಳ್ಳುತ್ತ ಹೋಗುತ್ತದೆ, ಕಣ್ಣೆದುರು ಇರುವುದು ಗೇಣು ಬಟ್ಟೆ ಮಾತ್ರ.

ಅದೇ ಯಂತ್ರಕ್ಕೆ ಇನ್ನೊಂದು ಮಿತಿಯಿತ್ತು. ಓಡಾಡುವ ಚಿತ್ರತುಣುಕುಗಳು ಒಟ್ಟು 64, ಒಂದು ಅಡ್ಡಗೆರೆಯ ಮೇಲೆ 8ಕ್ಕಿಂತ ಹೆಚ್ಚು ನಿಲ್ಲುವಂತಿಲ್ಲ. ಶತ್ರುಗಳೂ ಗುಂಡುಗಳೂ ಒಟ್ಟಿಗೆ ನುಗ್ಗಿದಾಗ ಕೆಲವು ಮಿಣಮಿಣ ಎನ್ನುತ್ತಿದ್ದುದು ಇದಕ್ಕೇ. ಟಿ.ವಿ. ಕೆಟ್ಟಿದೆ ಎಂದು ನಾವು ಅದರ ತಲೆಗೆ ಬಡಿಯುತ್ತಿದ್ದೆವು. ಕೆಟ್ಟಿದ್ದು ಟಿ.ವಿ. ಅಲ್ಲ, ಆ ಯಂತ್ರದ ಶಕ್ತಿಯೇ ಅಷ್ಟು.

1987ರಲ್ಲಿ ಕೊನಾಮಿಯ ‘ಕಾಂಟ್ರಾ’ ಮೊದಲು ಕಾಯಿನ್ ಹಾಕಿ ಆಡುವ ಅಂಗಡಿಯ ಯಂತ್ರಗಳಿಗೆ ಬಂತು, 1988ರಲ್ಲಿ ಮನೆಯ ಯಂತ್ರಕ್ಕೆ. ಅದೇ ವರ್ಷಗಳಲ್ಲಿ ‘ಡಬಲ್ ಡ್ರ್ಯಾಗನ್’, ‘ಮೆಗಾ ಮ್ಯಾನ್’, ‘ಶಿನೋಬಿ’. 1989ರಲ್ಲಿ ‘ಫೈನಲ್ ಫೈಟ್’, 1991ರಲ್ಲಿ ‘ಸ್ಟ್ರೀಟ್ಸ್ ಆಫ್ ರೇಜ್’. ಹತ್ತೇ ವರ್ಷದೊಳಗೆ ಒಂದು ಕಲೆ ಹುಟ್ಟಿ, ಬೆಳೆದು, ತುದಿ ಮುಟ್ಟಿತು. ಆದರೆ ಆ ಕಾಲದ ಜಪಾನಿನ ಕಂಪನಿಗಳಲ್ಲಿ ಆಟ ಮಾಡಿದವರ ನಿಜ ಹೆಸರು ಹೆಚ್ಚಾಗಿ ಆಟದ ಕೊನೆಯಲ್ಲೂ ಬರುತ್ತಿರಲಿಲ್ಲ. ಎದುರಾಳಿ ಕಂಪನಿ ಒಳ್ಳೆಯ ಕೆಲಸಗಾರರನ್ನು ಸೆಳೆದುಕೊಂಡೀತು ಎಂಬ ಭಯ. ಅದಕ್ಕೆ ಅಡ್ಡಹೆಸರುಗಳನ್ನು ಹಾಕುತ್ತಿದ್ದರು. ‘ಸ್ಟ್ರೀಟ್ಸ್ ಆಫ್ ರೇಜ್’ನ ಸಂಗೀತಗಾರ ಯುಝೊ ಕೊಶಿರೊ ಅವರ ಹೆಸರು ಆಟದ ಮೊದಲ ಪರದೆಯ ಮೇಲೇ ಮೂಡಿದ್ದು ಆಗ ದೊಡ್ಡ ಅಪವಾದ.

ಹೆಸರಿಲ್ಲದ ಈ ಮಂದಿಯಲ್ಲಿ ಒಬ್ಬರು ಕೊನಾಮಿಯ ಕಝುಹಿಸಾ ಹಾಶಿಮೊಟೊ. 1986ರಲ್ಲಿ ‘ಗ್ರೇಡಿಯಸ್’ ಎಂಬ ವಿಮಾನದ ಆಟವನ್ನು ಮನೆಯ ಯಂತ್ರಕ್ಕೆ ಇಳಿಸುವ ಕೆಲಸ ಅವರ ಪಾಲಿಗೆ ಬಂತು. ಆಟ ಬಲು ಕಠಿಣ, ಪರೀಕ್ಷಿಸಲು ಕೊನೆವರೆಗೆ ಹೋಗಲಿಕ್ಕೇ ಆಗದು. ಮೇಲೆ ಮೇಲೆ, ಕೆಳಗೆ ಕೆಳಗೆ, ಎಡ ಬಲ, ಎಡ ಬಲ, ಬಿ, ಎ ಎಂದು ಒತ್ತಿದರೆ ಎಲ್ಲ ಶಕ್ತಿಯೂ ಸಿಗುವಂತೆ ತಮಗಾಗಿ ಒಂದು ಗುಟ್ಟು ಇಟ್ಟುಕೊಂಡರು. ಆಟ ಮಾರುಕಟ್ಟೆಗೆ ಹೋದಾಗ ಅದು ಒಳಗೇ ಉಳಿಯಿತು. ಕಾಂಟ್ರಾದಲ್ಲಿ ಅದೇ ಗುಟ್ಟು 30 ಜೀವ ಕೊಡುತ್ತದೆ. ಹಾಶಿಮೊಟೊ 2020ರ ಫೆಬ್ರುವರಿಯಲ್ಲಿ ತೀರಿಕೊಂಡಾಗ ಜಗತ್ತಿನ ಪತ್ರಿಕೆಗಳೆಲ್ಲ ಬರೆದವು. ನಮ್ಮ ಕಡೆ ಆ 30 ಜೀವ ಬಳಸಿ ಬೆಳೆದವರಿಗೆ ಆ ಹೆಸರು ಮೊದಲ ಸಲ ಕಿವಿಗೆ ಬಿದ್ದದ್ದೇ ಸಾವಿನ ಸುದ್ದಿಯಲ್ಲಿ.

ನಿಂಟೆಂಡೊ ಆಗ ಭಾರತದಲ್ಲಿ ಅಂಗಡಿ ತೆರೆಯಲಿಲ್ಲ. ಸೆಗಾ 1990ರ ದಶಕದ ನಡುವೆ ಷಾ ವಾಲೇಸ್ ಕಂಪನಿಯ ಮೂಲಕ ತನ್ನ ‘ಮೆಗಾ ಡ್ರೈವ್’ ಯಂತ್ರ ತಂದಿತು; ಬೆಲೆ ಸುಮಾರು 18,000 ರೂಪಾಯಿ. ಆ ದುಡ್ಡಿಗೆ ನಮ್ಮೂರಲ್ಲಿ ಎತ್ತು ಕೊಳ್ಳುತ್ತಿದ್ದರೇ ಹೊರತು ಮಕ್ಕಳ ಆಟವನ್ನಲ್ಲ. ಹಾಗಾಗಿ ಭಾರತಕ್ಕೆ ಈ ಆಟಗಳನ್ನು ಮುಟ್ಟಿಸಿದ್ದು ನಿಂಟೆಂಡೊ ಯಂತ್ರದ ನಕಲುಗಳು. ತೈವಾನ್, ಚೀನಾಗಳಲ್ಲಿ ಅಗ್ಗದ ಚಿಪ್ ಮೇಲೆ ತಯಾರಾದ ಇವು ದೇಶಕ್ಕೊಂದು ಹೆಸರಲ್ಲಿ ಮಾರಾಟವಾದವು. ರಷ್ಯಾದಲ್ಲಿ ‘ಡೆಂಡಿ’, ಚೀನಾದಲ್ಲಿ ‘ಸುಬೋರ್’, ಭಾರತದಲ್ಲಿ ‘ಸಮುರಾಯ್’, ‘ಮೀಡಿಯಾ’ ಹೀಗೆ. ಸಾಂಗ್ಲಿ, ಸೊಲ್ಲಾಪುರಕ್ಕೆ ಹೋದವರ ಚೀಲದಲ್ಲಿ, ಮುಂಬೈಗೆ ದುಡಿಯಲು ಹೋಗಿ ಹಬ್ಬಕ್ಕೆ ಬಂದವರ ಟ್ರಂಕಿನಲ್ಲಿ ಅವು ನಮ್ಮ ಕಡೆಗೆ ಬಂದವು. ಮನೆಯಲ್ಲಿ ಇಟ್ಟುಕೊಂಡವರು ಕಡಿಮೆ. ತಾಸಿಗೆ ಇಷ್ಟು ಎಂದು ದುಡ್ಡು ಇಸಕೊಂಡು ಆಡಿಸುತ್ತಿದ್ದ ಅಂಗಡಿಗಳೇ ಹೆಚ್ಚು.

ಆಟದ ಡಬ್ಬಿಯನ್ನು ಎಲ್ಲರೂ ಕ್ಯಾಸೆಟ್ ಎನ್ನುತ್ತಿದ್ದರು. ಹಳದಿ ಪ್ಲಾಸ್ಟಿಕ್ಕು, ಮೇಲೆ ಯಾವ ಯಾವುದೋ ಆಟದ ಚಿತ್ರಗಳನ್ನು ಕತ್ತರಿಸಿ ಅಂಟಿಸಿದ ಚೀಟಿ, ಅದರ ಮೇಲೆ ‘9999999 ಇನ್ 1’ ಎಂಬ ಬರಹ. ಒಳಗಿರುತ್ತಿದ್ದುದು ಬೆರಳೆಣಿಕೆಯ ಆಟಗಳು. ಅವೇ ತಿರುತಿರುಗಿ ಬೇರೆ ಹೆಸರಲ್ಲಿ, ಬೇರೆ ಹಂತದಿಂದ ಶುರುವಾಗುತ್ತಿದ್ದವು. ಮಾರಿಯೋ, ಕಾಂಟ್ರಾ, ‘ರೋಡ್ ಫೈಟರ್’, ‘ಸರ್ಕಸ್ ಚಾರ್ಲಿ’, ಟ್ಯಾಂಕಿನ ಆಟ, ಬಾತುಕೋಳಿ ಹೊಡೆಯುವ ಬಂದೂಕಿನ ಆಟ. ಎಷ್ಟೋ ಕ್ಯಾಸೆಟ್ಟುಗಳಲ್ಲಿ 30 ಜೀವದ ಕಾಂಟ್ರಾ ಪಟ್ಟಿಯಲ್ಲೇ ಒಂದು ಬೇರೆ ಸಾಲು. ನಕಲು ಮಾಡಿದವರು ಮೊದಲ ಪರದೆಯಿಂದ ಕೊನಾಮಿಯ ಹೆಸರು, ವರ್ಷ, ಹಕ್ಕಿನ ಗುರುತು ಎಲ್ಲ ಅಳಿಸಿರುತ್ತಿದ್ದರು. ಜಪಾನಿನ ಕಂಪನಿ ಕೆಲಸಗಾರನ ಹೆಸರು ಅಡಗಿಸಿತ್ತು, ನಕಲುಗಾರ ಕಂಪನಿಯ ಹೆಸರನ್ನೂ ಅಳಿಸಿದ. ನಮ್ಮ ಕೈಗೆ ಬರುವ ಹೊತ್ತಿಗೆ ಆಟ ಮಾತ್ರ ಉಳಿದಿತ್ತು.

ಕಾಂಟ್ರಾದ ಮೂರನೆಯ ಹಂತ ಜಲಪಾತ. ಅಲ್ಲಿ ಪರದೆ ಪಕ್ಕಕ್ಕೆ ಬದಲು ಮೇಲಕ್ಕೆ ಸರಿಯುತ್ತದೆ. ಇಬ್ಬರು ಆಡುವಾಗ ಒಬ್ಬ ಅವಸರದಿಂದ ಮೇಲೆ ಎಗರಿದರೆ ಕೆಳಗೆ ಉಳಿದವನು ಪರದೆಯ ಅಂಚಿಗೆ ಸಿಕ್ಕು ಸಾಯುತ್ತಾನೆ. “ಏ, ಮ್ಯಾಲ ಹೋಗಬ್ಯಾಡ, ನಿಲ್ಲೊ!” ಎಂಬ ಕೂಗು ಆ ಅಂಗಡಿಗಳಲ್ಲಿ ದಿನಕ್ಕೆ ಎಷ್ಟು ಸಲ ಕೇಳುತ್ತಿತ್ತೋ. ಹಾರಿ ಬರುವ ‘ಎಸ್’ ಅಕ್ಷರ ಹಿಡಿದರೆ ಬಂದೂಕು ಐದು ದಿಕ್ಕಿಗೆ ಒಮ್ಮೆಲೇ ಗುಂಡು ಚೆಲ್ಲುತ್ತದೆ. “ಎಸ್ ನನಗ ಬಿಡೊ” ಎಂಬ ಜಗಳ ಹೊರಗೂ ಮುಂದುವರಿಯುತ್ತಿತ್ತು. ಆಟವನ್ನು ಅರ್ಧಕ್ಕೆ ಉಳಿಸಿಡುವ ಸೌಕರ್ಯ ಕಾಂಟ್ರಾದಲ್ಲಿ ಇಲ್ಲ. ಏಳನೆಯ ಹಂತದಲ್ಲಿ ಕರೆಂಟ್ ಹೋದರೆ ಮತ್ತೆ ಮೊದಲ ಕಾಡಿನಿಂದ. ಲೋಡ್ ಶೆಡ್ಡಿಂಗಿನ ವೇಳಾಪಟ್ಟಿ ಲೆಕ್ಕ ಹಾಕಿಕೊಂಡು ಕಾಂಟ್ರಾ ಶುರುಮಾಡುವುದು ನಮ್ಮ ಊರುಗಳಲ್ಲಿ ಒಂದು ವಿದ್ಯೆಯೇ ಆಗಿತ್ತು.

ಬಸ್ ಸ್ಟ್ಯಾಂಡು, ಟಾಕೀಸುಗಳ ಸುತ್ತಮುತ್ತ ನಿಂತಿದ್ದ ಕಾಯಿನ್ ಹಾಕುವ ದೊಡ್ಡ ಯಂತ್ರಗಳದ್ದು ಇನ್ನೊಂದು ಲೋಕ. ಅಲ್ಲಿ ರಾಜನಂತೆ ಮೆರೆದದ್ದು ಕ್ಯಾಪ್ಕಾಮ್ 1993ರಲ್ಲಿ ತಂದ ‘ಕ್ಯಾಡಿಲಾಕ್ಸ್ ಅಂಡ್ ಡೈನೋಸಾರ್ಸ್’. ಆ ಹೆಸರು ಯಾರೂ ಹೇಳುತ್ತಿರಲಿಲ್ಲ. ಕರ್ನಾಟಕದಲ್ಲೂ ಭಾರತದ ಉಳಿದ ಕಡೆಯೂ ಅದು ‘ಮುಸ್ತಫಾ’. ಆಟದ ನಾಲ್ವರು ನಾಯಕರಲ್ಲಿ ಒಬ್ಬ ಮುಸ್ತಫಾ ಕೈರೋ. ಹಳದಿ ಟೊಪ್ಪಿಗೆ, ಎಲ್ಲರಿಗಿಂತ ಚುರುಕು, ಓಡಿಬಂದು ಎಗರಿ ಒದೆಯುವುದರಲ್ಲಿ ಎತ್ತಿದ ಕೈ. ಅಮೆರಿಕದ ಚಿತ್ರಕಥೆಯೊಂದರ ಮೇಲೆ ಜಪಾನೀಯರು ಮಾಡಿದ ಆಟದಲ್ಲಿ ನಮ್ಮ ಓಣಿಯಲ್ಲೂ ಸಿಗುವ ಹೆಸರಿನವನೊಬ್ಬ ಶೂರ ಇದ್ದನಲ್ಲ, ಹುಡುಗರಿಗೆ ಅಷ್ಟೇ ಸಾಕಾಯಿತು. ಎರಡನೆಯ ಮಾತಿಲ್ಲದೆ ಎಲ್ಲರೂ ಅವನನ್ನೇ ಆರಿಸುತ್ತಿದ್ದರು. ಮೂವರು ಒಟ್ಟಿಗೆ ಆಡುವ ಆಟವಾದ್ದರಿಂದ ಅವನು ಯಾರಿಗೆ ಎಂಬುದು ಕಾಯಿನ್ ಹಾಕುವ ಮುಂಚೆಯೇ ತೀರ್ಮಾನವಾಗಬೇಕಿತ್ತು.

ಮೂರನೆಯ ದಾರಿ ಕಂಪ್ಯೂಟರ್ ಸೆಂಟರುಗಳದ್ದು. ಟೈಪಿಂಗ್, ಟ್ಯಾಲಿ ಕಲಿಸುವ ಕಡೆ ಪಾಠ ಮುಗಿದ ಮೇಲೆ ಸಿಗುತ್ತಿದ್ದ ಹತ್ತು ನಿಮಿಷದಲ್ಲಿ ಆಡುತ್ತಿದ್ದುದು ಎರಡೇ ಆಟ, ‘ಡೇವ್’ ಮತ್ತು ‘ಪ್ರಿನ್ಸ್’. ಜಾನ್ ರೊಮೆರೊ ಬರೆದ ‘ಡೇಂಜರಸ್ ಡೇವ್’ನಲ್ಲಿ ಪರದೆ ನಯವಾಗಿ ಸರಿಯುವುದಿಲ್ಲ, ಡೇವ್ ಅಂಚಿಗೆ ಬಂದಾಗ ಜರಕ್ಕನೆ ಬದಲಾಗುತ್ತದೆ. ಆಗಿನ ಪಿ.ಸಿ.ಗಳಿಗೆ ನಿಂಟೆಂಡೊ ಯಂತ್ರದಂತೆ ಚಿತ್ರ ಸರಿಸುವ ಶಕ್ತಿ ಇರಲಿಲ್ಲ. 1990ರ ಸೆಪ್ಟೆಂಬರಿನ ಒಂದು ರಾತ್ರಿ ಅಮೆರಿಕದ ಶ್ರೀವ್‌ಪೋರ್ಟ್ ಊರಿನಲ್ಲಿ ರೊಮೆರೊ ಅವರ ಸಹೋದ್ಯೋಗಿ ಜಾನ್ ಕಾರ್ಮಾಕ್ ಆ ಗಂಟು ಬಿಡಿಸಿದರು: ಇಡೀ ಪರದೆಯನ್ನು ಹೊಸದಾಗಿ ಬರೆಯುವ ಬದಲು ಬದಲಾದ ಚೌಕಗಳನ್ನಷ್ಟೇ ಬರೆಯುವ ಉಪಾಯ. ಇನ್ನೊಬ್ಬ ಸಹೋದ್ಯೋಗಿ ಟಾಮ್ ಹಾಲ್ ಜೊತೆ ಕೂತು ಬೆಳಗಾಗುವುದರೊಳಗೆ ‘ಸೂಪರ್ ಮಾರಿಯೋ ಬ್ರದರ್ಸ್ 3’ರ ಮೊದಲ ಹಂತವನ್ನು ಪಿ.ಸಿ.ಯಲ್ಲಿ ಎಬ್ಬಿಸಿದರು. ಮಾರಿಯೋ ಇರಬೇಕಾದ ಜಾಗದಲ್ಲಿ ನಿಲ್ಲಿಸಿದ್ದು ಯಾರನ್ನು? ಅದೇ ಡೇವ್‌ನನ್ನು. ಪಿ.ಸಿ.ಗೆ ಮಾರಿಯೋ ತರಲು ನಿಂಟೆಂಡೊ ಒಪ್ಪಲಿಲ್ಲ, ಆದರೆ ಆ ರಾತ್ರಿಯ ಉಪಾಯದಿಂದ ‘ಕಮಾಂಡರ್ ಕೀನ್’ ಹುಟ್ಟಿತು, ಅದರ ಹಿಂದೆಯೇ ಇಡ್ ಸಾಫ್ಟ್‌ವೇರ್ ಕಂಪನಿ. ನಮ್ಮ ಕಂಪ್ಯೂಟರ್ ಸೆಂಟರಿನ ಆ ಪುಟ್ಟ ಕೆಂಪು ಟೊಪ್ಪಿಗೆಯವನು ಇಷ್ಟು ದೊಡ್ಡ ಘಟನೆಯ ನಡುವೆ ನಿಂತಿದ್ದ.

‘ಪ್ರಿನ್ಸ್ ಆಫ್ ಪರ್ಷಿಯಾ’ದ ಕಥೆಯೂ ಅಷ್ಟೇ ಚಂದ. ಜೋರ್ಡಾನ್ ಮೆಕ್ನರ್ ತನ್ನ ತಮ್ಮನನ್ನು ಓಡಿಸಿ, ಎಗರಿಸಿ, ಅದನ್ನು ವಿಡಿಯೋ ಮಾಡಿ, ಒಂದೊಂದೇ ಚೌಕಟ್ಟನ್ನು ಚಿತ್ರವಾಗಿ ಇಳಿಸಿ 1989ರಲ್ಲಿ ಆ ಆಟ ಮುಗಿಸಿದರು. ರಾಜಕುಮಾರ ಕಮರಿಯ ಅಂಚಿಗೆ ಜೋತುಬಿದ್ದು ಮೇಲೇರುವಾಗ ನಿಜ ಮನುಷ್ಯನ ಭಾರ ಕಾಣುವುದು ಅದಕ್ಕೇ.

1996ರಲ್ಲಿ ‘ಸೂಪರ್ ಮಾರಿಯೋ 64’, ‘ಟೂಂಬ್ ರೈಡರ್’ ಬಂದವು. ಆಟದ ಲೋಕಕ್ಕೆ ಆಳ ಬಂತು. ಎಡ-ಬಲದ ಓಟ ಹಳತಾಗಿ ಕಂಡಿತು. ದೊಡ್ಡ ಕಂಪನಿಗಳು ಹಳೆಯ ನಾಯಕರನ್ನೆಲ್ಲ ಮೂರು ಆಯಾಮಕ್ಕೆ ಎಳೆದವು, ಬಹುಪಾಲು ಸೋತವು. ಈ ನಡುಗಾಲದಲ್ಲಿ ಪಕ್ಕಕ್ಕೆ ಸರಿಯುವ ಆಟ ಬದುಕಿದ್ದು ಸಣ್ಣ ಪರದೆಗಳಲ್ಲಿ. 2003ರ ನೋಕಿಯಾ 1100 ಫೋನಿನಲ್ಲಿ ಹಾವಿನ ಆಟದ ಜೊತೆಗೆ ‘ಸ್ಪೇಸ್ ಇಂಪ್ಯಾಕ್ಟ್’ ಇತ್ತು, ಪಕ್ಕಕ್ಕೆ ಸರಿಯುವ ಪಕ್ಕಾ ವಿಮಾನದಾಟ. ಆ ಫೋನ್ ಜಗತ್ತಿನಲ್ಲಿ 25 ಕೋಟಿಗೂ ಹೆಚ್ಚು ಮಾರಾಟವಾಯಿತು. ಕಬ್ಬಿನ ಟ್ರ್ಯಾಕ್ಟರ್ ಕಾರ್ಖಾನೆಯ ಮುಂದೆ ಪಾಳಿ ಹಚ್ಚಿ ರಾತ್ರಿಯೆಲ್ಲ ನಿಂತಾಗ ಡ್ರೈವರುಗಳು ಆಡುತ್ತಿದ್ದುದೂ ಅದನ್ನೇ. ಈ ಆಟಗಳು ಸತ್ತಿದ್ದವು ಎಂಬ ಮಾತನ್ನು ನಮ್ಮ ಕಡೆಯಿಂದ ನೋಡಿದವರು ಪೂರ್ತಿ ಒಪ್ಪಲಾರರು.

ಇನ್ನೊಂದು ಕಡೆ ಅಭಿಮಾನಿಗಳು ಬೂದಿ ಮುಚ್ಚಿದ ಕೆಂಡ ಕಾಯುತ್ತಿದ್ದರು. 1997ರ ಫೆಬ್ರುವರಿಯಲ್ಲಿ ಇಟಲಿಯ ನಿಕೋಲಾ ಸಾಲ್ಮೊರಿಯಾ ‘ಮೇಮ್’ ಎಂಬ ಎಮ್ಯುಲೇಟರ್ ಹೊರತಂದರು. ಅಂಗಡಿಯ ದೊಡ್ಡ ಯಂತ್ರದ ನಡೆಯನ್ನು ಪಿ.ಸಿ. ಅನುಕರಿಸುವಂತೆ ಮಾಡುವ ತಂತ್ರಾಂಶ ಅದು. ಹಾಗೆ ಹಳೆಯ ಯಂತ್ರವನ್ನು ಬಿಚ್ಚಿ ಅರ್ಥಮಾಡಿಕೊಂಡವರ ಪೈಕಿ ಕೆಲವರು ಮುಂದೆ ಪುನರುಜ್ಜೀವನದ ಶಿಲ್ಪಿಗಳಾದರು. ನನ್ನ ಮಟ್ಟಿಗೆ ಈ ಚರಿತ್ರೆಯ ತಿರುಳು ಇಲ್ಲಿದೆ. ಆಟಗಳನ್ನು ಮರಳಿ ತಂದ ಯೋಚನೆ ಕಂಪನಿಗಳ ಮೀಟಿಂಗಿನಲ್ಲಿ ಹುಟ್ಟಲಿಲ್ಲ, ಬಾಲ್ಯದಲ್ಲಿ ಆಡಿ ಬೆಳೆದವರ ಹಟದಿಂದ ಹುಟ್ಟಿತು.

ಕಂಪನಿಗಳ ಕಡೆಯಿಂದ ಮೊದಲ ಗಟ್ಟಿ ಹೆಜ್ಜೆ 2008ರ ‘ಮೆಗಾ ಮ್ಯಾನ್ 9’. ಕ್ಯಾಪ್ಕಾಮ್ ಪರವಾಗಿ ಇಂಟಿ ಕ್ರಿಯೇಟ್ಸ್ ಮಾಡಿದ ಈ ಆಟ ಹೊಸ ಯಂತ್ರಗಳಿಗೆ ಬಂದರೂ ನೋಡಲಿಕ್ಕೆ, ಕೇಳಲಿಕ್ಕೆ ಥೇಟ್ 1987ರದು. ಹಳೆಯ ಯಂತ್ರದ ಮಿಣಮಿಣವನ್ನೂ ಬೇಕಾದವರು ಹಾಕಿಕೊಳ್ಳುವಂತೆ ಒಂದು ಆಯ್ಕೆ ಇಟ್ಟರು. ಕೊರತೆಯೂ ನೆನಪಿನ ಭಾಗ ಎಂದು ಒಪ್ಪಿಕೊಂಡ ಆ ನಿರ್ಧಾರ ನನಗೆ ಬಹಳ ಹಿಡಿಸಿತು.

2011ರ ಏಪ್ರಿಲ್‌ನಲ್ಲಿ ಒಂದು ನೋವಿನ ಘಟನೆ ನಡೆಯಿತು. ಸ್ಪೇನಿನ ‘ಬಾಂಬರ್‌ಗೇಮ್ಸ್’ ಎಂಬ ಹವ್ಯಾಸಿ ತಂಡ ಎಂಟು ವರ್ಷ ಕೂತು ‘ಸ್ಟ್ರೀಟ್ಸ್ ಆಫ್ ರೇಜ್ ರಿಮೇಕ್’ ಮುಗಿಸಿ ಬಿಟ್ಟಿಯಾಗಿ ಹಂಚಿತು. ಕೆಲವೇ ದಿನಗಳಲ್ಲಿ ಸೆಗಾ ಅದನ್ನು ತೆಗೆಸಿತು. ಹಕ್ಕು ಸೆಗಾದ್ದೇ, ಕಾನೂನಿನಲ್ಲಿ ತಪ್ಪಿಲ್ಲ. ಆದರೆ ಎಂಟು ವರ್ಷದ ಪ್ರೀತಿಗೆ ಅಂಥ ಉತ್ತರ ಸಿಗಬಾರದಿತ್ತು. ಅದೇ ಸೆಗಾ ಆರು ವರ್ಷದ ಮೇಲೆ ಸರಿಯಾದ ದಾರಿ ಹಿಡಿಯಿತು. ಆಸ್ಟ್ರೇಲಿಯಾದ ಅಭಿಮಾನಿ ಕ್ರಿಶ್ಚಿಯನ್ ವೈಟ್‌ಹೆಡ್ ಮತ್ತು ಅವರ ಜೊತೆಗಾರರ ಕೈಗೆ ಕೆಲಸ ಕೊಟ್ಟು 2017ರ ಆಗಸ್ಟ್‌ನಲ್ಲಿ ‘ಸೋನಿಕ್ ಮೇನಿಯಾ’ ತಂದಿತು. ಸೆಗಾದ ಹಳೆಯ ನಾಯಕ ಸೋನಿಕ್ ಬರೀ ಓಟದಿಂದ ಮತ್ತೆ ಜನರ ಮನ ಗೆದ್ದ.

ನಡುವೆ ಜನರೇ ಮುಂಗಡ ಹಣ ಹಾಕಿ ಆಟ ಮಾಡಿಸುವ ಪದ್ಧತಿ ಬಂತು. 2013ರಲ್ಲಿ ‘ಯಾಟ್ ಕ್ಲಬ್ ಗೇಮ್ಸ್’ ತಂಡ ‘ಶವಲ್ ನೈಟ್’ ಆಟಕ್ಕೆ 75,000 ಡಾಲರ್ ಕೇಳಿತು, 3,11,502 ಡಾಲರ್ ಬಂತು. 2014ರ ಜೂನ್‌ನಲ್ಲಿ ಬಂದ ಆಟ ಹಳೆಯ ಯಂತ್ರದ ಬಣ್ಣಗಳನ್ನು ಬಹುಪಾಲು ಹಾಗೇ ಉಳಿಸಿಕೊಂಡು ಮಿಣಮಿಣವನ್ನು ಬಿಟ್ಟುಕೊಟ್ಟಿತು. ಅದೇ 2013ರಲ್ಲಿ ಮೆಗಾ ಮ್ಯಾನ್ ಖ್ಯಾತಿಯ ಕೇಜಿ ಇನಾಫುನೆ ‘ಮೈಟಿ ನಂ. 9’ಕ್ಕೆ 38 ಲಕ್ಷ ಡಾಲರಿಗೂ ಮೀರಿ ಸಂಗ್ರಹಿಸಿದರು. 2016ರಲ್ಲಿ ಆಟ ಬಂದಾಗ ದುಡ್ಡು ಕೊಟ್ಟವರೇ ಬೇಸರಪಟ್ಟರು. ಹೆಸರು ದೊಡ್ಡದಿದ್ದ ಮಾತ್ರಕ್ಕೆ ಎಗರುವಿಕೆ ಸರಿಯಾಗಿ ಕೂಡುವುದಿಲ್ಲ. ಬಟನ್ ಒತ್ತಿದ ಕ್ಷಣಕ್ಕೂ ಕಾಲು ನೆಲ ಬಿಡುವ ಕ್ಷಣಕ್ಕೂ ನಡುವಿನ ಅಂತರ ಕೂದಲೆಳೆಯಷ್ಟು ಹೆಚ್ಚಾದರೂ ಕೈಗೆ ಗೊತ್ತಾಗುತ್ತದೆ. ಕಾಂಟ್ರಾ ಆಡಿ ಪಳಗಿದ ಕೈಗಂತೂ ಇದನ್ನು ಯಾರೂ ಹೇಳಿಕೊಡಬೇಕಾಗಿಲ್ಲ.

ಈ ಕೆಲಸವನ್ನು ಎಷ್ಟು ನಯವಾಗಿ ಮಾಡಬಹುದು ಎಂದು ತೋರಿಸಿದ್ದು 2017ರ ಏಪ್ರಿಲ್‌ನ ‘ವಂಡರ್ ಬಾಯ್: ದ ಡ್ರ್ಯಾಗನ್ಸ್ ಟ್ರ್ಯಾಪ್’. ಲಿಜರ್ಡ್‌ಕ್ಯೂಬಿನ ಓಮರ್ ಕಾರ್ನಟ್ ತಮ್ಮ ಹುಡುಗಾಟದ ದಿನಗಳಲ್ಲೇ ಸೆಗಾದ ಹಳೆಯ ಯಂತ್ರಕ್ಕೆ ಎಮ್ಯುಲೇಟರ್ ಬರೆದವರು. 1989ರ ಮೂಲ ಆಟವನ್ನು ಬಿಚ್ಚಿ ಅದರ ಒಳನಡೆಯನ್ನು ಸಾಲುಸಾಲಾಗಿ ಓದಿದವರು. ಬೆನ್ ಫಿಕೆ ಅದರ ಮೇಲೆ ಕೈಯಿಂದ ಹೊಸ ಚಿತ್ರ ಬರೆದರು. ಆಡುತ್ತ ಆಡುತ್ತ ಒಂದು ಬಟನ್ ಒತ್ತಿದರೆ ಚಿತ್ರವೆಲ್ಲ 1989ಕ್ಕೆ ಹೋಗುತ್ತದೆ, ಮತ್ತೊಮ್ಮೆ ಒತ್ತಿದರೆ ಇವತ್ತಿಗೆ. ಮೂಲ ಆಟದಲ್ಲಿ ಹಂತ ಉಳಿಸಲು ಒಂದು ಪಾಸ್‌ವರ್ಡ್ ಬರೆದಿಟ್ಟುಕೊಳ್ಳಬೇಕಿತ್ತು. ಆಗ ನೋಟ್‌ಬುಕ್ಕಿನಲ್ಲಿ ಗೀಚಿಟ್ಟದ್ದನ್ನು ಈ ಹೊಸ ಆಟದಲ್ಲಿ ಹಾಕಿದರೂ ಬಾಗಿಲು ತೆರೆಯುತ್ತದೆ.

ಅದೇ ಲಿಜರ್ಡ್‌ಕ್ಯೂಬ್, ಗಾರ್ಡ್ ಕ್ರಶ್, ಡಾಟೆಮ್ಯೂ ಕೂಡಿ ಮಾಡಿದ ‘ಸ್ಟ್ರೀಟ್ಸ್ ಆಫ್ ರೇಜ್ 4’ 2020ರ ಏಪ್ರಿಲ್ 30ರಂದು ಬಂತು. ಜಗತ್ತೆಲ್ಲ ಲಾಕ್‌ಡೌನಿನಲ್ಲಿ ಬಾಗಿಲು ಹಾಕಿ ಕೂತಿದ್ದ ಹೊತ್ತು. ಆರು ತಿಂಗಳೊಳಗೆ 15 ಲಕ್ಷ ಸಲ ಡೌನ್‌ಲೋಡ್ ಆಯಿತು. ಸಂಗೀತ ಮುಖ್ಯವಾಗಿ ಒಲಿವಿಯರ್ ಡೆರಿವಿಯೆರ್ ಅವರದು, ಜೊತೆಗೆ ಯುಝೊ ಕೊಶಿರೊ. 2022ರ ಜೂನ್ 16ರಂದು ಮಾಂಟ್ರಿಯಲ್‌ನ ಟ್ರಿಬ್ಯೂಟ್ ಗೇಮ್ಸ್ ಮಾಡಿದ, ಕಾರ್ಟೂನಿನ ನಿಂಜಾ ಆಮೆಗಳ ಆಟ ‘ಶ್ರೆಡರ್ಸ್ ರಿವೆಂಜ್’ ಒಂದೇ ವಾರದಲ್ಲಿ 10 ಲಕ್ಷ ಮಾರಾಟವಾಯಿತು. ಕಾಂಟ್ರಾ ಮಾತ್ರ ತಡವರಿಸಿತು. 2019ರ ‘ರೋಗ್ ಕೋರ್’ ನೆಲಕಚ್ಚಿದ ಮೇಲೆ ಕೊನಾಮಿ ಬುದ್ಧಿ ಕಲಿತು ವೇಫಾರ್ವರ್ಡ್ ತಂಡಕ್ಕೆ ಕೆಲಸ ಒಪ್ಪಿಸಿತು. 2024ರ ಮಾರ್ಚ್ 12ಕ್ಕೆ ‘ಕಾಂಟ್ರಾ: ಆಪರೇಶನ್ ಗಲೂಗಾ’ ಬಂತು. ಕಾಡು, ಜಲಪಾತ, ಹಳೆಯ ಬಿಲ್ ಮತ್ತು ಲ್ಯಾನ್ಸ್ ಎಲ್ಲರೂ ಇದ್ದಾರೆ. ಆ ಇಬ್ಬರಿಗೆ ಬಿಲ್, ಲ್ಯಾನ್ಸ್ ಎಂಬ ಹೆಸರಿದೆ ಎಂದು ನಮ್ಮ ಕಡೆಯ ಎಷ್ಟೋ ಜನಕ್ಕೆ ತಿಳಿದದ್ದು ಆಗಲೇ. ಅಲ್ಲಿಯವರೆಗೆ ಅವರು ನೀಲಿಯವ, ಕೆಂಪಿನವ.

ಅದೇ ವರ್ಷದ ಜನವರಿಯಲ್ಲಿ ಕಂಪ್ಯೂಟರ್ ಸೆಂಟರಿನ ಪ್ರಿನ್ಸ್ ಕೂಡ ಎಡ-ಬಲದ ಓಟಕ್ಕೆ ಮರಳಿದ. ಯೂಬಿಸಾಫ್ಟಿನ ಮಾಂಪೆಲಿಯೆ ತಂಡದ ‘ದ ಲಾಸ್ಟ್ ಕ್ರೌನ್’ ಆಟದಲ್ಲಿ ಪಾತ್ರಗಳು ಬೇಕಾದರೆ ಪರ್ಷಿಯನ್ ಭಾಷೆಯಲ್ಲೇ ಮಾತಾಡುತ್ತವೆ. ಮೂವತ್ತೈದು ವರ್ಷ ಇಂಗ್ಲಿಷಿನವನಾಗಿದ್ದ ರಾಜಕುಮಾರನಿಗೆ ಕೊನೆಗೂ ತನ್ನ ನುಡಿ ಸಿಕ್ಕಿತು. ಇದೇ ಸರಣಿಯ ‘ಸ್ಯಾಂಡ್ಸ್ ಆಫ್ ಟೈಮ್’ ಆಟವನ್ನು ಹೊಸದಾಗಿ ಮಾಡುವ ಕೆಲಸ 2020ರಲ್ಲಿ ಯೂಬಿಸಾಫ್ಟಿನ ಪುಣೆ, ಮುಂಬೈ ತಂಡಗಳ ಕೈಯಲ್ಲಿತ್ತು. 2022ರಲ್ಲಿ ಅದನ್ನು ಮಾಂಟ್ರಿಯಲ್ ತಂಡಕ್ಕೆ ಒಯ್ದರು.

ಆಟ ಮಾಡುವ ಕೈಗಳಿಗೆ ಕರ್ನಾಟಕದಲ್ಲೂ ಕೊರತೆಯಿಲ್ಲ. ರಾಜೇಶ್ ರಾವ್ 1997ರಲ್ಲಿ ಬೆಂಗಳೂರಿನಲ್ಲಿ ಕಟ್ಟಿದ ಧ್ರುವ ಇಂಟರಾಕ್ಟಿವ್ ಎರಡು ದಶಕ ಹೊರದೇಶದ ದೊಡ್ಡ ಆಟಗಳಿಗೆ ಚಿತ್ರ, ಮಾದರಿ ಮಾಡಿಕೊಟ್ಟಿತು. 2019ರಲ್ಲಿ ಅದನ್ನು ರಾಕ್‌ಸ್ಟಾರ್ ಕೊಂಡಿತು. ಅನಿಮೇಶನ್, ಗೇಮಿಂಗ್ ಉದ್ಯಮಕ್ಕೆಂದೇ ಕರ್ನಾಟಕ ಸರ್ಕಾರ 2012ರಲ್ಲೇ ನೀತಿ ತಂದಿತು. ಬೆಂಗಳೂರಿನ ತತ್ತ್ವಮಸಿ ಸ್ಟುಡಿಯೋದ ‘ಸುರಿ: ದ ಸೆವೆಂತ್ ನೋಟ್’ ತಾಳಕ್ಕೆ ತಕ್ಕಂತೆ ಎಗರುತ್ತ ಪಕ್ಕಕ್ಕೆ ಸಾಗುವ ಆಟ, ಸೋನಿಯ ‘ಇಂಡಿಯಾ ಹೀರೋ ಪ್ರಾಜೆಕ್ಟ್’ ಅದನ್ನು ಆರಿಸಿಕೊಂಡಿತು. ಆದರೂ ನಮ್ಮ ಜನರ ಬಹಳಷ್ಟು ದುಡಿಮೆ ಇನ್ನೂ ಬೇರೆಯವರ ಆಟದೊಳಗೇ ಸೇರಿಹೋಗುತ್ತಿದೆ.

ಬ್ರೆಜಿಲ್ ಕಡೆ ನೋಡಿದಾಗ ನನಗೆ ಹೊಟ್ಟೆಕಿಚ್ಚೂ ಆಸೆಯೂ ಒಟ್ಟಿಗೆ ಹುಟ್ಟುತ್ತವೆ. ಅಲ್ಲಿಯೂ ಆಮದಿನ ಬಿಗಿಯಿಂದ ಅಸಲಿ ನಿಂಟೆಂಡೊ ತಡವಾಗಿ ಹೋಯಿತು, ‘ಫ್ಯಾಂಟಮ್ ಸಿಸ್ಟಂ’ನಂಥ ನಕಲಿನ ಮೇಲೆ ಒಂದು ತಲೆಮಾರು ಆಡಿತು. ಆ ನೆಲದ ಜಾಯ್‌ಮ್ಯಾಶರ್ ತಂಡ 2012ರಲ್ಲಿ ‘ಒನಿಕೆನ್’, 2019ರಲ್ಲಿ ‘ಬ್ಲೇಝಿಂಗ್ ಕ್ರೋಮ್’ ಮಾಡಿತು. ಎರಡನೆಯದು ಕಾಂಟ್ರಾದ ವಂಶಕ್ಕೆ ಸೇರಿದ ಆಟ, ಮತ್ತು ಕೊನಾಮಿ ಅದೇ ವರ್ಷ ತಂದ ಕಾಂಟ್ರಾಕ್ಕಿಂತ ಎಷ್ಟೋ ಒಳ್ಳೆಯ ಕಾಂಟ್ರಾ. ನಕಲು ಯಂತ್ರದಲ್ಲಿ ಕಲಿತ ಕೈ ಅಸಲಿಯನ್ನು ಮೀರಿಸಬಲ್ಲದು ಎಂಬುದಕ್ಕೆ ಬೇರೆ ಸಾಕ್ಷಿ ಬೇಡ. ಸಾವಳಗಿ, ಮುಧೋಳ, ಬೀಳಗಿಯಲ್ಲಿ ಆಡಿದ ಕೈಗಳು ಅದಕ್ಕಿಂತ ಕಡಿಮೆಯವೇನಲ್ಲ.

ಇಷ್ಟೆಲ್ಲ ಮರಳಿ ಬಂದರೂ ಮುಸ್ತಫಾ ಬಂದಿಲ್ಲ. ‘ಕ್ಯಾಡಿಲಾಕ್ಸ್ ಅಂಡ್ ಡೈನೋಸಾರ್ಸ್’ ಮೂಲತಃ ಮಾರ್ಕ್ ಶುಲ್ಟ್ಸ್ ಅವರ ‘ಝೀನೊಝೋಯಿಕ್ ಟೇಲ್ಸ್’ ಚಿತ್ರಕಥೆ. ಆಟ ಕ್ಯಾಪ್ಕಾಮಿನದು, ಪಾತ್ರಗಳ ಹಕ್ಕು ಬೇರೆಯವರದು. ಆ ಕಾಲದಲ್ಲಿ ಅದು ಯಾವ ಮನೆಯ ಯಂತ್ರಕ್ಕೂ ಇಳಿಯಲಿಲ್ಲ. 2018ರಲ್ಲಿ ಕ್ಯಾಪ್ಕಾಮ್ ತನ್ನ ಹಳೆಯ ಬಡಿದಾಟದ ಆಟಗಳ ಸಂಪುಟ ತಂದಾಗ ‘ಫೈನಲ್ ಫೈಟ್’ ಸೇರಿ ಏಳು ಆಟಗಳಿದ್ದವು, ಇದು ಇರಲಿಲ್ಲ. ಅಂಗಡಿಯ ಯಂತ್ರದೊಳಗಿದ್ದ ಈ ಆಟದ ಅಸಲಿ ಬೋರ್ಡುಗಳಲ್ಲಿ ನಕಲು ತಡೆಯಲು ಒಂದು ಪುಟ್ಟ ಬ್ಯಾಟರಿ ಇಟ್ಟಿದ್ದರು. ಅದು ತೀರಿದರೆ ಬೀಗದ ಗುಟ್ಟು ಅಳಿಸಿಹೋಗಿ ಬೋರ್ಡೇ ನಿಲ್ಲುತ್ತದೆ. ಮೂವತ್ತು ವರ್ಷ ದಾಟಿದ ಆ ಬ್ಯಾಟರಿಗಳು ಒಂದೊಂದಾಗಿ ತೀರುತ್ತಿವೆ. ಭಾರತದ ಹುಡುಗರು ಎಲ್ಲಕ್ಕಿಂತ ಹೆಚ್ಚು ಪ್ರೀತಿಸಿದ ಆಟ ಇವತ್ತು ಆಡಸಿಗುವುದು ಮೊಬೈಲಿಗೂ ಬಂದಿರುವ ಎಮ್ಯುಲೇಟರುಗಳಲ್ಲಿ. ಅಲ್ಲಿ ಕಾಯಿನ್ ಹಾಕಲು ಒಂದು ಬಟನ್ ಇದೆ, ಎಷ್ಟು ಸಲ ಬೇಕಾದರೂ ಒತ್ತಬಹುದು.